ಮೂವತ್ತೇಳು ತಪ್ಪುಗಳ ಸಾಹೇಬರು

ತಾಜುದ್ದೀನ್ ಸಾಹೇಬರ ಪಕ್ಕ ಕೂತು ಫೈಟಿಂಗ್ ಸಿನಿಮಾ ನೋಡುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ವಾಸಿ ಎಂದು ಅವರ ಹೆಂಡತಿ ತಲತ್ ಇಪ್ಪತ್ತೈದು ವರ್ಷದಿಂದ ಹೇಳುತ್ತಲೇ ಇದ್ದಾರೆ. ಹೀರೊ ಆರು ಗುಂಡಿನ ಪಿಸ್ತೂಲಿನಿಂದ ಏಳನೆಯ ಗುಂಡು ಹಾರಿಸಿದನೋ, ಸಾಹೇಬರು ರಿಮೋಟ್ ಒತ್ತಿ ಚಿತ್ರ ನಿಲ್ಲಿಸುತ್ತಾರೆ. ಹಿಂದಕ್ಕೆ ಓಡಿಸಿ ಮತ್ತೆ ಎಣಿಸುತ್ತಾರೆ. ತಲತ್ ಚಹಾದ ಕಪ್ಪು ಎತ್ತಿಕೊಂಡು ಅಡುಗೆಮನೆಗೆ ನಡೆಯುತ್ತಾರೆ.

ಹುಬ್ಬಳ್ಳಿಯ ಈ ಮನುಷ್ಯನಿಗೆ ಇಂಗ್ಲೆಂಡಿನ ಬರ್ಚ್‌ವುಡ್‌ನಲ್ಲಿ ಅಣುಸ್ಥಾವರಗಳ ಸುರಕ್ಷತೆಯ ಕಡತ ಓದುವ ಕೆಲಸ. ನಾಲ್ಕು ಸಹಿ ಬೀಳದೆ ಅಲ್ಲಿ ಒಂದು ನಟ್ಟೂ ತಿರುಗುವುದಿಲ್ಲ. ತಪ್ಪು ಕಂಡರೆ ನಂಬರು ಹಾಕಬೇಕು, ಹೊಣೆ ಯಾರದೆಂದು ಬರೆಯಬೇಕು, ದರ್ಜೆ ಕೊಡಬೇಕು. ಮೂರನೆಯ ದರ್ಜೆಯದನ್ನು ತಿಳಿಸಿದರೆ ಸಾಕು, ಎರಡನೆಯದನ್ನು ತಿದ್ದಬೇಕು, ಒಂದನೆಯದು ಸಿಕ್ಕರೆ ಕೆಲಸವೇ ನಿಲ್ಲಬೇಕು. ಈ ಚಾಳಿ ಮನೆಗೂ ಬಂತು. ಬಿರಿಯಾನಿಗೂ ದರ್ಜೆ, ನೆಂಟರ ಮದುವೆ ವಿಡಿಯೋಗೂ ದರ್ಜೆ. ಪುಣ್ಯಕ್ಕೆ ನೆಂಟರೆಲ್ಲ ದೂರದಲ್ಲಿದ್ದರು.

ಅಪ್ಪನ ತೊಡೆಯ ಮೇಲೆ ಕೂತು ಗುಂಡು ಎಣಿಸಲು ಕಲಿತ ಮಗಳು ಮಹ್ನೂರ್ ಅರ್ಧಕ್ಕೇ ಇಂಜಿನಿಯರಿಂಗ್ ಬಿಟ್ಟು ಸಾಲ್ಫರ್ಡ್‌ನಲ್ಲಿ ಸಿನಿಮಾದವರನ್ನು ಸೇರಿದಳು. ಹಿಂದಿನ ಶಾಟಿನಲ್ಲಿ ನಟನ ಎಡಗೈಯಲ್ಲಿದ್ದ ಗ್ಲಾಸು ಮುಂದಿನ ಶಾಟಿನಲ್ಲಿ ಬಲಗೈಗೆ ಹಾರದಂತೆ ಕಾಯುವುದೇ ಅವಳ ಕೆಲಸ. ಅಪ್ಪನಿಂದ ಬಂದ ವಿದ್ಯೆ ಎಂದು ಸಾಹೇಬರು ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. "ತೆರೆ ಮೇಲೆ ನಿನ್ನ ಹೆಸರು ತೋರಿಸು, ಆಮೇಲೆ ಇದು ಕೆಲಸ ಅಂತ ಒಪ್ತೀನಿ," ಎಂದುಬಿಟ್ಟರು.

ಎರಡು ವರ್ಷದ ಮೇಲೆ ಆ ದಿನ ಬಂತು. ಅವಳ ಮೊದಲ ದೊಡ್ಡ ಸಿನಿಮಾ. ಕೆಲಸ ಮಾಡಿದವರ ಮನೆಯವರಿಗಾಗಿ ಸಾಲ್ಫರ್ಡ್‌ನಲ್ಲೇ ಮಧ್ಯಾಹ್ನ ಪ್ರದರ್ಶನ.

"ಅಬ್ಬಾ, ಪ್ಲೀಸ್, ಬಾಯಿ ಬಿಡ್ಬೇಡಿ. ಕೊನೇಲಿ ನನ್ನ ಹೆಸರು ನೋಡಿ, ಅಷ್ಟೇ ಸಾಕು," ಎಂದು ಮಹ್ನೂರ್ ಟ್ರಾಮ್‌ನಲ್ಲೇ ಮಾತು ತೆಗೆದುಕೊಂಡಳು.

ಸಾಹೇಬರು ಮಾತಿಗೆ ತಪ್ಪಲಿಲ್ಲ. ಬಾಯಿ ಬಿಡಲಿಲ್ಲ, ನೋಟ್‌ಬುಕ್ ಬಿಚ್ಚಿದರು.

ಹೀರೊನ ಎಡ ಹುಬ್ಬಿನ ಗಾಯ ಮಹಡಿ ಹತ್ತುವಷ್ಟರಲ್ಲಿ ಬಲ ಹುಬ್ಬಿಗೆ ವರ್ಗವಾಗಿತ್ತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮೂರು ಪಲ್ಟಿ ಹೊಡೆದ ಕಾರು ಲೀಡ್ಸ್‌ಗೆ ಬರುವಾಗ ತೊಳೆದು ಪಾಲಿಶ್ ಮಾಡಿಸಿಕೊಂಡಿತ್ತು. ಕೊನೆಗೆ ಹೀರೊ ಅಣುಸ್ಥಾವರದ ಬಾಗಿಲನ್ನು ಒದ್ದು ತೆರೆದ. ತಪಾಸಣೆಗೆ ಹೋದಾಗ ಅಂಥ ಬಾಗಿಲಿನ ಮುಂದೆ ಶೂ ಬದಲಿಸುವುದಕ್ಕೇ ಸಾಹೇಬರಿಗೆ ಅರ್ಧ ಗಂಟೆ ಬೇಕು. ಅವರ ಪೆನ್ನು ಹಾಳೆ ಹರಿಯುವಂತೆ ಓಡಿತು. ಚಿತ್ರ ಮುಗಿದು ಹೆಸರುಗಳು ಏರುತ್ತಿದ್ದಾಗಲೂ ಅವರು ತಲೆ ತಗ್ಗಿಸಿ ದರ್ಜೆ ಹಾಕುತ್ತಲೇ ಇದ್ದರು. ಪಕ್ಕದಲ್ಲಿ ತಲತ್ ಫೋಟೊ ತೆಗೆಯಲು ಫೋನ್ ಎತ್ತಿ ಹಿಡಿದು ಕೂತಿದ್ದರು.

ಮೊದಲೇ ಹೊರಗೆ ಬಂದಿದ್ದ ಮಹ್ನೂರ್ ಗೋಡೆಗೆ ಒರಗಿ ನಿಂತಿದ್ದಳು. ಸಾಹೇಬರು ಬಹುಮಾನ ಕೊಡುವವರ ಹಾಗೆ ಪಟ್ಟಿ ನೀಡಿದರು. "ಮೂವತ್ತೇಳು!"

ಅವಳು ಓದಿದಳು. "ಇವೆಲ್ಲಾ ನಾನೂ ಬರ್ದು ಕೊಟ್ಟಿದ್ದೆ, ಅಬ್ಬಾ. ಇದನ್ನೆಲ್ಲ ಯಾರು ನೋಡ್ತಾರೆ ಅಂದ್ರು ಡೈರೆಕ್ಟರು. ನಮ್ಮಪ್ಪ ನೋಡ್ತಾರೆ ಅಂದೆ, ನಕ್ಕರು."

ಸಾಹೇಬರ ಮುಖ ಸಣ್ಣಗಾಯಿತು. ತೀರ ನಾಚಿಕೆಯಾಯಿತು. ಹೇಗಾದರೂ ಮಗಳನ್ನು ನಗಿಸಬೇಕೆನಿಸಿತು.

"ಹೋಗ್ಲಿ ಬಿಡು. ಹೆಸರು ನೋಡಿದೆ. ಎಷ್ಟು ಚೆನ್ನಾಗಿ ಬಂದಿದೆ! ದೊಡ್ಡ ಅಕ್ಷರ! ಇದು ಕೆಲಸಾನೇ, ಒಪ್ಪಿದೆ ಮಗಳೇ."

ಮಹ್ನೂರ್ ಅಪ್ಪನನ್ನೇ ದಿಟ್ಟಿಸಿದಳು.

"ನನ್ನ ಹೆಸರು ಇರ್ಲೇ ಇಲ್ಲ, ಅಬ್ಬಾ. ಲಿಸ್ಟ್ ಮಾಡೋವಾಗ ಬಿಟ್ಟುಹೋಯ್ತಂತೆ. ಸಾರಿ ಅಂದ್ರು."

ಸಾಹೇಬರು ಹೆಂಡತಿಯ ಕಡೆ ನೋಡಿದರು. ತಲತ್ ಫೋನ್ ತೋರಿಸಿದರು. ಅದರ ಫೋಟೊದಲ್ಲಿ ಹೆಸರುಗಳೆಲ್ಲ ಮುಗಿದ ಮೇಲಿನ ಬರೀ ಕಪ್ಪು ತೆರೆಯಿತ್ತು.

"ಕಡೀತನಕ ಕಾಯ್ದೆ," ಎಂದರು ತಲತ್. "ನೀವು ತಲೀನ ಎತ್ತಲಿಲ್ಲ. ಈಗ ಬರೀರಿ, ಮೂವತ್ತೆಂಟು."

ಸಾಹೇಬರು ಮಗಳ ಕೈಯಿಂದ ಪಟ್ಟಿ ತೆಗೆದುಕೊಂಡರು. ನಂಬರು ಹಾಕಿದರು. ದರ್ಜೆ, ಒಂದು. ಹೊಣೆ ಎಂಬಲ್ಲಿ ಮೂವತ್ತೇಳು ಸಲ ಸಿನಿಮಾದವರೆಂದು ಬರೆದಿದ್ದರು. ಅದರ ಕೆಳಗೆ ತಮ್ಮ ಹೆಸರನ್ನು ಪೂರ್ತಿ ಬರೆದರು.