ಅಂಗಿಗೆ ಬಂದ ಕಾಮಾಲೆ

ಅರಕಲಗೂಡಿನ ಆಚೆ ಶುಂಠಿ ಬೆಳೆಯುವ ನಮ್ಮ ದೇವರಾಜಣ್ಣನಿಗೆ ಅರವತ್ತೊಂದು ವರ್ಷ. ಬಿಳಿ ಅಂಗಿ ಬಿಟ್ಟು ಬೇರೆ ತೊಟ್ಟಿದ್ದನ್ನು ನಾನಂತೂ ಕಂಡಿಲ್ಲ. ಶುಂಠಿಗೆ ಔಷಧಿ ಹೊಡೆಯುವಾಗ ಮೂಗಿಗೆ ಒಂದು ಟವೆಲ್ಲೂ ಕಟ್ಟದ ಈ ಮನುಷ್ಯ, ಹಾಸನದಲ್ಲಿ ಫಾರ್ಮಸಿ ಓದುವ ಮಗಳು ನಿಸರ್ಗ ಸನ್‌ಸ್ಕ್ರೀನ್ ಹಚ್ಚಿಕೊಂಡರೆ ಮಾತ್ರ, ಅದು ಕೆಮಿಕಲ್ಲು, ಚರ್ಮ ಸುಟ್ಟುಹೋಗುತ್ತೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದ.

ಮಗ ಹರ್ಷವರ್ಧನನ ಮದುವೆ ಫೋಟೊ ಬಂತು ನೋಡಿ, ಅಲ್ಲಿಗೆ ಕೆಟ್ಟಿತು. ಬೀಗರ ಪಕ್ಕ ನಿಂತ ದೇವರಾಜಣ್ಣ ಹೊಗೆ ಹಿಡಿದ ತೊಲೆಯ ಹಾಗೆ ಕಾಣುತ್ತಿದ್ದ. ಮಾರನೆಯ ದಿನವೇ, ಮಗಳು ಮನೆಯಲ್ಲಿ ಬಿಟ್ಟುಹೋಗಿದ್ದ ಅದೇ ಕ್ರೀಮಿನ ಟ್ಯೂಬನ್ನು ಕೊಟ್ಟಿಗೆಯಲ್ಲಿ ಬಚ್ಚಿಟ್ಟು, ಬೆಳಿಗ್ಗೆ ಬೆಳಿಗ್ಗೆ ಮುಖ, ಕತ್ತು, ಕೈಗೆಲ್ಲ ಬಳಿದುಕೊಳ್ಳತೊಡಗಿದ.

ವಾರದೊಳಗೆ ಒಗೆದ ಅಂಗಿಗಳ ಕಾಲರೆಲ್ಲ ಹಳದಿ. ಹೆಂಡತಿ ಲಕ್ಷ್ಮಿದೇವಮ್ಮ ಬ್ಲೀಚಿಂಗ್ ಪೌಡರಿನಲ್ಲಿ ನೆನೆಹಾಕಿದರೆ ಕಲೆ ಇನ್ನೂ ಗಾಢವಾಯಿತು. ಬೆವರೇ ಹಳದಿ ಬರುತ್ತಿದೆ, ಇದು ಕಾಮಾಲೆಯೇ ಎಂದು ಆಕೆ ತೀರ್ಮಾನಿಸಿದಳು. ಆಸ್ಪತ್ರೆಗೆ ನಡೀರಿ ಅಂದರೆ ಈತ ಒಲ್ಲೆ ಅಂದ. ಡಾಕ್ಟರ ಮುಂದೆ ಗುಟ್ಟು ರಟ್ಟಾಗುತ್ತಲ್ಲ. ಸರಿ, ಮನೆಯಲ್ಲೇ ನೆಲನೆಲ್ಲಿ ರಸ, ಉಪ್ಪಿಲ್ಲದ ಮಜ್ಜಿಗೆ ಅನ್ನದ ಪಥ್ಯ ಶುರುವಾಯಿತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ, ಭಂಡ.

ಭಾನುವಾರ ಹಿರೀಸಾವೆಯಲ್ಲಿ ಬೀಗರೂಟ. ಎಲೆಗೆ ಮುದ್ದೆ ಬಿತ್ತು. ಮಟನ್ ಸಾರು ಘಮ್ಮೆನ್ನುತ್ತ ನಾಲ್ಕು ಎಲೆ ಆಚೆಗೆ ಬಂದಿತ್ತು. ಅಷ್ಟರಲ್ಲಿ ಲಕ್ಷ್ಮಿದೇವಮ್ಮ ಚೀಲದಿಂದ ಮಜ್ಜಿಗೆ ಅನ್ನದ ಡಬ್ಬಿ ತೆಗೆದು ಗಂಡನ ಮುಂದಿಟ್ಟಳು.

ಹಾಸನದಿಂದ ನೇರ ಬಂದಿದ್ದ ನಿಸರ್ಗ ಅಪ್ಪನ ಕಣ್ಣು ಬಿಡಿಸಿ ನೋಡಿದಳು, ಬೆಳ್ಳಗಿತ್ತು. ಅಂಗಿಯ ಕಲೆ ಕಾಲರಿನಲ್ಲಿ, ತೋಳಿನ ತುದಿಯಲ್ಲಿ ಮಾತ್ರ. ಬೆವರುವ ಕಂಕುಳು ಶುಭ್ರ. ಅವಳಿಗೆ ಗೊತ್ತಾಯಿತು. ತನ್ನ ಕ್ರೀಮಿನಲ್ಲಿ ಅವೊಬೆಂಜೋನ್ ಅಂತ ಒಂದಿದೆ, ಚರ್ಮ ಕೆಡಿಸುವ ಬಿಸಿಲನ್ನು ಅದು ತಡೆಯುತ್ತೆ, ಬಿಸಿಲಲ್ಲಿ ತಾನೇ ಸೊರಗುವುದರಿಂದ ಎರಡೆರಡು ಗಂಟೆಗೆ ಮತ್ತೆ ಹಚ್ಚಬೇಕು ಎಂದು ಅಮ್ಮನಿಗೆ ತಿಳಿಸಿದಳು. ಸಾಮಾನ್ಯವಾಗಿ ಮೈಗೇನೂ ಆಗದು. ಬಟ್ಟೆಗಂಟಿ ಬೋರ್‌ವೆಲ್ ನೀರಿನ ಕಬ್ಬಿಣದ ಜೊತೆ ಸೇರಿದರೆ ಮಾತ್ರ ಹೀಗೆ ತುಕ್ಕಿನ ಬಣ್ಣ, ನಿಂಬೆರಸ ಉಜ್ಜಿದರೆ ಬಿಡಬಹುದು ಅಂದಳು. ಹಚ್ಚಿಕೊಂಡವರು ಯಾರು ಎಂದು ಮಾತ್ರ ಹೇಳದೆ ಅಪ್ಪನ ಮುಖ ನೋಡಿದಳು.

ಸಾರಿನ ಬಕೆಟ್ಟು ಬಂದೇಬಿಟ್ಟಿತು.

“ನಾನೇ ಕಣವ್ವ ಅಚ್ಕಂಡಿದ್ದು,” ಎಂದ ದೇವರಾಜಣ್ಣ. “ಕಾಮಾಲೆನೂ ಇಲ್ಲ, ಏನೂ ಇಲ್ಲ. ಬಡ್ಸಪ್ಪ.”

ಲಕ್ಷ್ಮಿದೇವಮ್ಮ ಸೌಟಿಗೆ ಕೈ ಅಡ್ಡ ಹಿಡಿದಳು. “ನಿಮ್ಗೇನಾಯ್ತದೋ ಅಂತ ಎದ್ರಕಂಡು ಎಂಟು ದಿನದಿಂದ ನಾನೂ ಸಪ್ಪೆನೇ ಉಂಡಿವ್ನಿ. ಈ ಡಬ್ಬಿ ನಿಮ್ದೇ, ಉಣ್ಣಿ.”

ಸಾರು ಅವಳ ಎಲೆಗೆ ಹೋಯಿತು. ದೇವರಾಜಣ್ಣ ಡಬ್ಬಿ ತೆರೆದು ಮಜ್ಜಿಗೆ ಅನ್ನ ಕಲಸಿದ. ಎದುರು ಸಾಲಿನಲ್ಲಿದ್ದ ನನಗೆ ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಲಕ್ಷ್ಮಿದೇವಮ್ಮನಿಗೂ ಅನ್ನಿಸಿತೇನೋ. ಎರಡನೇ ಸಲ ಸಾರು ಹಾಕಿಸಿಕೊಂಡ ಮೇಲೆ ಬಡಿಸುವವನನ್ನು ತಡೆದಳು.

“ಇವ್ರಿಗೂ ಬುಡಪ್ಪ. ಅಂಗಿ ಮ್ಯಾಲೆ ಬೀಳುಸ್ಬ್ಯಾಡ, ಒಗ್ಯೋಳು ನಾನು.”