ಅರಿಶಿಣ ತೊಳೆದ ಮೇಲೂ ಉಳಿದ ಹಳದಿ

ಉಚ್ಚಂಗೆಮ್ಮನನ್ನು ನಂಬಿದ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಕೊಟ್ಟೂರಿನಿಂದ ಶರಣು. ಕಾಯಿಲೆಯ ಜೊತೆಗೆ ನನ್ನ ಹೊಟ್ಟೆಕಿಚ್ಚನ್ನೂ ಬರೆಯುತ್ತೇನೆ. ಅದನ್ನು ಬಿಟ್ಟು ಬರೆದರೆ ತಾಯಿಯ ಕೃಪೆ ಅರ್ಧವೇ ತಿಳಿದೀತು.

ಹೋದ ವರ್ಷ ದೀಪಾವಳಿಗೆ ಮುಂಚೆ ನನಗೂ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ನೀಲಮ್ಮನಿಗೂ ಪಿತ್ತಕೋಶ ತೆಗೆಯುವ ಆಪರೇಷನ್ ಆಯಿತು. ಒಂದೇ ಮನೆ, ಒಂದೇ ಒಲೆ, ಒಂದೇ ಎಣ್ಣೆ, ಕಲ್ಲೂ ಇಬ್ಬರಿಗೂ. ಒಬ್ಬರೇ ಡಾಕ್ಟರು, ಹೊಟ್ಟೆಗೆ ನಾಲ್ಕು ನಾಲ್ಕು ಸಣ್ಣ ತೂತು. ಹದಿನೈದು ದಿನಕ್ಕೆ ನೀಲಮ್ಮ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಅರಗಿಸಿಕೊಂಡಳು. ನನಗೆ ತಿಂಗಳುಗಟ್ಟಲೆ ಮಜ್ಜಿಗೆ ಅನ್ನ ಉಂಡರೂ ಬಲಪಕ್ಕೆ ಹಿಡಿಯುತ್ತಿತ್ತು.

"ಸಣ್ಣಾಕಿ ಎಷ್ಟು ಚಲೋ ಆಗ್ಯಾಳ ನೋಡ್ರಿ, ದೊಡ್ಡಾಕಿ ಯಾಕೋ ಸೊರಗ್ಯಾಳ" ಎಂದು ಬಂದವರೆಲ್ಲ ಅನ್ನುವರು. ನಮ್ಮ ಅತ್ತೆಯಂತೂ "ನೀಲಮ್ಮನ ಮನಸು ಹಗುರ, ಅದಕ್ಕ ಮೈನೂ ಹಗುರ" ಎಂದುಬಿಟ್ಟರು. ಆ ಮಾತು ಹೊಲಿಗೆಗಿಂತ ಹೆಚ್ಚು ನೋಯಿತು. ದೀಪ ಹಚ್ಚಿ ನಾನು ಬೇಡಿದ್ದು ಕೇಳಿರಿ: "ತಾಯೀ, ನನ್ನ ನೋವು ತಗಿ. ಆಗದಿದ್ರ ಆಕಿಗೂ ಒಂದೀಟು ಕೊಡು."

ಆಷಾಢ ಬರುವ ಹೊತ್ತಿಗೆ ಮೈಯೆಲ್ಲ ತುರಿಕೆ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿತು, ಕನ್ನಡಿಯಲ್ಲಿ ಕಣ್ಣು ಹಳದಿ. ಕಾಮಾಲೆ ಎಂದು ತಿಳಿಯಿತು. ಪಿತ್ತಕೋಶವನ್ನೇ ತೆಗೆದ ಮೇಲೆ ಮತ್ತೆ ಕಲ್ಲೆಲ್ಲಿಂದ ಬರಬೇಕು, ಇದು ಬೇರೆ ಕಾಯಿಲೆ ಎಂದುಕೊಂಡೆ. ಮನೆಯಲ್ಲಿ ಹೇಳಿದರೆ ನೀಲಮ್ಮ ಗೆದ್ದಂತೆ! ತವರಿಗೆ ಹೋಗುತ್ತೇನೆಂದು ಹಿರೇಹಡಗಲಿಗೆ ಹೋಗಿ, ಅಲ್ಲಿ ಒಬ್ಬರ ಹತ್ತಿರ ಸೊಪ್ಪಿನ ರಸ ಕುಡಿದು ಬಂದೆ. ಬಣ್ಣ ಕಾಣದಿರಲೆಂದು ದಿನಾ ಮುಖಕ್ಕೂ ಕೈಕಾಲಿಗೂ ಅರಿಶಿಣ ಬಳಿದುಕೊಂಡೆ. ಶುಕ್ರವಾರ ಹಚ್ಚಿಕೊಳ್ಳಲೂ ಬೇಸರಪಡುತ್ತಿದ್ದವಳು ನಾನು! ಕಣ್ಣುಬೇನೆ ಎಂದು ಕಪ್ಪು ಕನ್ನಡಕ ಹಾಕಿದೆ. ಅಂಟೀತೆಂದು ಯಾರೂ ಹತ್ತಿರ ಸುಳಿಯಲಿಲ್ಲ.

"ದೊಡ್ಡಾಕಿ ಮುಖದಾಗ ಲಕ್ಷ್ಮಿ ಕಳೆ ಬಂದೈತಿ" ಎಂದರು ಅತ್ತೆ. ನೀಲಮ್ಮನ ಎದುರಿಗೇ ಅಂದರು. ಕಾಯಿಲೆಯಿಂದ ಬಂದ ಹೊಗಳಿಕೆಯಾದರೂ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ನನಗೆ ಆ ಕಣ್ಣು ಕಾಯಿಲೆಗೆ ಮುಂಚೆಯೇ ಬಂದಿತ್ತು.

ಹತ್ತನೇ ದಿನ ಚಳಿಜ್ವರ ಹಿಡಿಯಿತು. ಮಕ್ಕಳ ಮುಖ ನೋಡಿದಾಗ ಸತ್ತೇ ಹೋಗುತ್ತೇನೆಂಬ ಭಯ ಹುಟ್ಟಿತು. ಬಾಯಿಬಿಡೋಣವೆಂದರೆ ಇಷ್ಟು ದಿನದ ಸುಳ್ಳು ಅಡ್ಡ ಬಂತು. "ತಾಯೀ, ನನ್ನ ಬಾಯಿಂದ ಹೇಳಾಕ ಆಗವಲ್ದು. ನೀನ ಏನರ ಮಾಡು" ಎಂದು ದೇವರ ಜಗಲಿಯ ಮುಂದೆ ಕೂತು ಅತ್ತುಬಿಟ್ಟೆ.

ಮರುದಿನ ಹುಣ್ಣಿಮೆ. ತನಗೆ ಗುಣವಾದದ್ದಕ್ಕೆ ಉಚ್ಚಂಗಿದುರ್ಗಕ್ಕೆ ಹೋಗಿ ತಾಯಿಗೆ ಉಡಿ ತುಂಬುವ ಹರಕೆ ನೀಲಮ್ಮನದಿತ್ತು. "ಅಕ್ಕಾ, ನೀನೂ ಬಾ" ಎಂದು ಹಟ ಹಿಡಿದಳು. ಅವಳ ಗೆಲುವಿಗೆ ನಾನು ಸಾಕ್ಷಿಯಾಗಬೇಕೇ! ಹಲ್ಲು ಕಚ್ಚಿ ಹೊರಟೆ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಎರಡು ಸಲ ವಾಂತಿಯಾಯಿತು. ಬಸ್ಸು ನನಗೆ ಆಗಿಬರುವುದಿಲ್ಲ ಎಂದು ಸುಳ್ಳು ಹೇಳಿದೆ.

ಉಡಿ ತುಂಬುವ ಮುಂಚೆ ಚಿಕ್ಕವಳು ದೊಡ್ಡವಳ ಪಾದ ತೊಳೆದು ನಮಸ್ಕರಿಸುವುದು ನಮ್ಮ ಮನೆಯ ಪದ್ಧತಿ. ಜ್ವರದಲ್ಲಿ ನನಗದು ನೆನಪೇ ಆಗಲಿಲ್ಲ. ದುರ್ಗದ ಗುಡ್ಡದ ಬುಡದಲ್ಲೇ ನೀಲಮ್ಮ ಚೊಂಬಿನಿಂದ ನೀರು ಹಾಕಿ ಪಾದ ಉಜ್ಜಿದಳು. ಅರಿಶಿಣ ಹರಿದುಹೋಯಿತು, ಹಳದಿ ಹೋಗಲಿಲ್ಲ. ಮತ್ತೆ ಉಜ್ಜಿದಳು. ತಲೆಯೆತ್ತಿ ನೋಡಿ ನನ್ನ ಕನ್ನಡಕ ಕಿತ್ತಳು.

"ಅಕ್ಕಾ, ಕಣ್ಣಾಗೂ ಅರಿಶಿಣ ಹಚ್ಚಿಕೊಂಡೀಯೇನು?"

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

"ಎಷ್ಟು ದಿನ ಆತು? ಬೊಗಳು!"

"ಹನ್ನೊಂದು" ಎಂದೆ. ಚಿಕ್ಕವಳು ಹಾಗೆ ಗದರಿದ್ದಕ್ಕೆ ಸಿಟ್ಟು ಮಾಡಲೂ ಶಕ್ತಿಯಿರಲಿಲ್ಲ.

ಅವಳು ಉಡಿಯ ಸಾಮಾನನ್ನು ಹಾಗೇ ಗಂಟು ಕಟ್ಟಿದಳು. "ತಾಯೀ, ನಿಂದು ಆಮ್ಯಾಲ" ಎಂದು ಗುಡಿಯ ಕಡೆ ಕೈಮುಗಿದು, ಸಿಕ್ಕ ಬಸ್ಸಿಗೆ ನನ್ನನ್ನು ದಾವಣಗೆರೆಗೆ ಕರೆದೊಯ್ದಳು. ದಾರಿಯುದ್ದಕ್ಕೂ ನನ್ನ ತಲೆ ಅವಳ ತೊಡೆಯ ಮೇಲಿತ್ತು.

"ಪಿತ್ತಕೋಶ ತೆಗೆದ್ರೂ ಒಂದೊಂದು ಸಲ ಕಲ್ಲು ಪಿತ್ತನಾಳದಲ್ಲಿ ಉಳಿದಿರುತ್ತಮ್ಮಾ. ತಿಂಗಳುಗಳಾದ ಮೇಲೂ ಕಾಟ ಕೊಡುತ್ತೆ" ಎಂದರು ಸ್ಕ್ಯಾನಿಂಗ್ ನೋಡಿದ ಡಾಕ್ಟರು. "ನಂಜಾಗಿದೆ. ಇನ್ನೆರಡು ದಿನ ಬಿಟ್ಟಿದ್ರೆ ನಮ್ಮ ಕೈಲೂ ಇರ್ತಿರ್ಲಿಲ್ಲ." ಬಾಯಿಂದ ಕ್ಯಾಮೆರಾದ ನಳಿಕೆ ಇಳಿಸಿ ಕಲ್ಲು ತೆಗೆದು, ನಾಳದೊಳಗೆ ಒಂದು ಸಣ್ಣ ಕೊಳವೆ ಇಟ್ಟರು.

ಮೂರನೇ ದಿನ ನೀಲಮ್ಮ ಗಂಜಿ ಕುಡಿಸುವಾಗ ಎಲ್ಲ ಹೇಳಿಬಿಟ್ಟೆ, ಅವಳಿಗೂ ನೋವು ಕೊಡು ಎಂದು ಬೇಡಿದ್ದನ್ನೂ. ಅವಳ ಕಣ್ಣು ತುಂಬಿತು. ಬಟ್ಟಲು ಇಟ್ಟು ಹೊರಗೆ ಹೋದವಳು ಸಂಜೆಯವರೆಗೆ ಬರಲಿಲ್ಲ. ಬಂದಾಗ ಮುಖ ಗಂಟಿಕ್ಕಿಕೊಂಡೇ ಬಂದಳು.

"ಸಿಟ್ಟು ಇಳದಿಲ್ಲ ನಂಗ. ಆದ್ರ ನೀ ಹೋಗಿದ್ರ ಆ ಮನ್ಯಾಗ ನಾ ಯಾರ ಕೂಡ ಜಗಳಾಡ್ಲಿ? ಬಾಯಿ ತಗಿ" ಎಂದು ಚಮಚ ಹಿಡಿದಳು.

ಆರು ವಾರಕ್ಕೆ ಕೊಳವೆ ತೆಗೆದರು. ಆಮೇಲೆ ಇಬ್ಬರೂ ಗುಡ್ಡ ಹತ್ತಿ ಅವಳ ಹರಕೆ ತೀರಿಸಿದೆವು. ನನ್ನ ಬಾಯಿಂದ ಆಗದ್ದನ್ನು ತಾಯಿ ನನ್ನ ಪಾದದಿಂದ ಹೇಳಿಸಿದಳು, ಅದೂ ನಾನು ಕೇಡು ಬಯಸಿದವಳ ಕೈಯಲ್ಲೇ ತೊಳೆಸಿ. ಇದನ್ನು ಕೃಪೆಯೆನ್ನದೆ ಮತ್ತೇನೆನ್ನಲಿ?

ಹೊಟ್ಟೆಕಿಚ್ಚು ಪೂರ್ತಿ ಆರಿತು ಎಂದರೆ ತಾಯಿಯ ಮುಂದೆ ಇನ್ನೊಂದು ಸುಳ್ಳಾದೀತು. ಮೊನ್ನೆ ನೀಲಮ್ಮ ಹೊಸ ಇಳಕಲ್ ಸೀರೆ ಉಟ್ಟಾಗ ಮತ್ತೆ ಹೊಟ್ಟೆ ಉರಿಯಿತು. ಆದರೂ ದಿನಾ ದೀಪ ಹಚ್ಚಿ ಮೊದಲು "ನೀಲಮ್ಮ ಚಲೋ ಇರ್ಲಿ" ಎನ್ನುತ್ತೇನೆ, ನನ್ನ ಹೆಸರು ಆಮೇಲೆ. ಕೆಲವು ದಿನ ಆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಅದು ಹೊರಗೆ ಬರುವವರೆಗೂ ನಾನು ದೀಪದ ಮುಂದಿನಿಂದ ಏಳುವುದಿಲ್ಲ.