ಫೋನ್ ಬಂದೈತಿ ಎಂದು ಕರೆಯುತ್ತಿದ್ದ ಖಾಲಾ

ಮೊನ್ನೆ ಗಂಗಾವತಿಯಿಂದ ಕೊಪ್ಪಳಕ್ಕೆ ಮಗಳ ಮನೆಗೆ ಹೊರಟಿದ್ದೆ. ಬಸ್ಸು ಹಿಟ್ನಾಳದ ಹತ್ತಿರ ನಿಂತಾಗ ಒಬ್ಬ ಹಿರಿಯರು ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತರು. ಅವರ ಬಿಳಿ ಅಂಗಿಯಿಂದ ಅತ್ತರಿನ ವಾಸನೆ ಬಂತು. ಬಂದದ್ದೇ ತಡ, ನನ್ನ ಬಲಗಿವಿ ಬೆಚ್ಚಗಾಯಿತು. ನಗಬೇಡಿ, ನಿಜ ಹೇಳುತ್ತಿದ್ದೇನೆ. ಎಷ್ಟೋ ವರ್ಷ ಆ ವಾಸನೆಯನ್ನು ಕಿವಿಗೆ ಒತ್ತಿಕೊಂಡೇ ನಾನು ಅಪ್ಪನ ಮಾತು ಕೇಳಿದ್ದೇನೆ.

ನಾನು ಕುಷ್ಟಗಿಯ ಮಗಳು, ಗಂಗಾವತಿಯ ಸೊಸೆ. ಮದುವೆಯಾಗಿ ಬಂದಾಗ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಫೋನು, ಅದೂ ಎದುರು ಸಾಲಿನ ಖಾಲಾ ಮನೆಯಲ್ಲಿ. ಅವರ ಯಜಮಾನರದು ಭತ್ತದ ದಲಾಲಿ, ಅದಕ್ಕೆ ಫೋನು ಬೇಕಿತ್ತು. ಓಣಿಯಲ್ಲಿ ಯಾವ ಜಾತಿಯವರೇ ಇರಲಿ, ಮುದುಕರೇ ಇರಲಿ, ಎಲ್ಲರಿಗೂ ಆಕೆ ಖಾಲಾನೇ, ಅಂದರೆ ಚಿಕ್ಕಮ್ಮನೇ. ಕಪ್ಪು ಫೋನು, ಬೆರಳಿಟ್ಟು ತಿರುಗಿಸುವ ಡಯಲ್ಲು, ಡಯಲ್ಲಿಗೊಂದು ಪುಟ್ಟ ಬೀಗ. ಬೀಗ ಹಾಕಿದವರು ಯಜಮಾನರು. "ಹೋಗೋ ಫೋನಿಗೆ ಕೀಲಿ ಹಾಕ್ಯಾರ, ಬರೋ ಫೋನಿಗೆ ಎಲ್ಲಿ ಕೀಲಿ?" ಎಂದು ಖಾಲಾ ನಗುತ್ತಿದ್ದರು. ನಾವೆಲ್ಲ ನಮ್ಮ ಬೀಗರಿಗೆ, ನೆಂಟರಿಗೆ ಅವರ ನಂಬರನ್ನೇ ಕೊಟ್ಟಿದ್ದೆವು. ನನ್ನ ನಾದಿನಿಯ ಲಗ್ನಪತ್ರಿಕೆಯಲ್ಲೂ ಅದೇ ನಂಬರು, ಪಕ್ಕದಲ್ಲಿ ಪಿ.ಪಿ. ಎಂಬ ಎರಡಕ್ಷರ. ಅಂದರೆ ಬೇರೆಯವರ ಮನೆಯ ಫೋನು, ಕೇಳಿದರೆ ಕರೆದು ಕೊಡುತ್ತಾರೆ ಎಂದು ಅರ್ಥ. ಕರೆದು ಕೊಡುವವರನ್ನು ಮಾತ್ರ ನಾವ್ಯಾರೂ ಕೇಳಿರಲಿಲ್ಲ.

ಭಾನುವಾರ ಅಪ್ಪ ಕುಷ್ಟಗಿಯ ಬಸ್ ನಿಲ್ದಾಣದ ಬೂತಿನಿಂದ ಫೋನ್ ಹಚ್ಚುತ್ತಿದ್ದ. ಖಾಲಾ ಬಾಗಿಲಿಗೆ ಬಂದು ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದರು: "ಏ ಕುಷ್ಟಗಿಯಾಕೀ! ನಿಮ್ಮಪ್ಪನ ಫೋನ್ ಬಂದೈತಿ, ಲಗೂನ ಬಾ ಬೇ!" ಸೊಸೆಯರನ್ನು ಅವರು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಎಲ್ಲರೂ ತವರೂರಿನವರೇ... ನಾನು ಕುಷ್ಟಗಿಯಾಕಿ, ಪಕ್ಕದ ಮನೆಯವಳು ಮರಳಿಯಾಕಿ, ಮೂಲೆ ಮನೆಯವಳು ಇರಕಲ್ಲಗಡದಾಕಿ. ಹಿಟ್ಟು ಮೆತ್ತಿದ ಕೈಯಲ್ಲೇ ಓಡುತ್ತಿದ್ದೆ. ಹತ್ತು ಮಂದಿ ಉಸಿರು ಬಿಟ್ಟ ಫೋನಲ್ಲವೇ, ರಿಸೀವರಿಗೆ ಖಾಲಾ ಅತ್ತರಿನ ಹತ್ತಿ ಸಿಕ್ಕಿಸಿ ಇಟ್ಟಿರುತ್ತಿದ್ದರು. ರಿಸೀವರನ್ನು ನನ್ನ ಕೈಗೆ ಕೊಟ್ಟು ತಾವು ಹಿತ್ತಲಿಗೆ ಹೋಗಿ, ಕೋಳಿಗಳನ್ನು ದೊಡ್ಡ ದನಿಯಲ್ಲಿ ಬೈಯಲು ಶುರು ಮಾಡುತ್ತಿದ್ದರು. ನಿನ್ನ ಮಾತಿಗೆ ನಾನು ಕಿವಿ ಕೊಟ್ಟಿಲ್ಲ ಎಂದು ತಿಳಿಸುವ ರೀತಿ ಅದು. ಮೊದಲ ವರ್ಷ "ಛಲೋ ಅದೀನಿ ಅಪ್ಪಾ" ಎನ್ನುತ್ತ ನಾನು ಎಷ್ಟು ಅತ್ತೆನೋ, ಪಾಪದ ಕೋಳಿಗಳು ಅಷ್ಟು ಬೈಸಿಕೊಂಡವು.

ಆದರೆ ಎಲ್ಲ ಫೋನಿಗೂ ಖಾಲಾ ಕೂಗುತ್ತಿರಲಿಲ್ಲ. ಸಾವಿನ ಸುದ್ದಿ ಬಂದರೆ ದನಿಯೇ ಇಲ್ಲ. ತಲೆ ತುಂಬ ಸೆರಗು ಹೊದ್ದು, ತಾವೇ ನಡೆದು ಬಂದು, ಹೊಸ್ತಿಲ ಬಳಿ ನಿಂತು ಕೇಳುತ್ತಿದ್ದರು, "ಉಂಡೀ ಏನವಾ?" ಸುದ್ದಿ ಕಿವಿಗೆ ಬಿದ್ದ ಮೇಲೆ ಮಣ್ಣಾಗುವ ತನಕ ನಮ್ಮ ಮನೆಗಳಲ್ಲಿ ಒಲೆ ಹೊತ್ತುವುದಿಲ್ಲ, ಗಂಟಲಲ್ಲಿ ತುತ್ತು ಇಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಉಂಡಿಲ್ಲ ಎಂದರೆ ಎದುರು ಕೂತು ಒಂದು ರೊಟ್ಟಿ ತಿನ್ನಿಸಿ, ನೀರು ಕುಡಿಸಿ, ಆಮೇಲೆ ಕೈ ಹಿಡಿದು ಹೇಳುತ್ತಿದ್ದರು. ಮರಳಿಯಾಕಿಯ ತಾಯಿ ಹೋದಾಗ ಹೀಗೆ ತಿನ್ನಿಸಿದ್ದನ್ನು ನಾನೇ ಕಂಡಿದ್ದೇನೆ. ಖಾಲಾ ಸುಮ್ಮನೆ ನಡೆದು ಬಂದರೆ ಏನರ್ಥ ಎಂದು ಆ ಹೊತ್ತಿಗೆ ಓಣಿಗೆಲ್ಲ ಗೊತ್ತಾಗಿತ್ತು. ಅವಳಿಗೂ ಗೊತ್ತಾಗಿತ್ತು. ಗೊತ್ತಿಲ್ಲದವಳ ಹಾಗೆ ತಲೆ ತಗ್ಗಿಸಿ ಆ ರೊಟ್ಟಿ ತಿಂದಳು.

ಆಮೇಲೆ ಮೊಬೈಲು ಬಂತು. ಮೊದಲು ಮನೆಗೊಂದು, ಈಗ ತಲೆಗೊಂದು. ಹೊರಗಿನ ಕೋಣೆಯಲ್ಲಿ ಕೂತ ಗಂಡ ಅಡುಗೆಮನೆಯಲ್ಲಿರುವ ನನಗೆ ಫೋನ್ ಮಾಡಿ ಚಹಾ ಕೇಳುವ ಕಾಲ ಇದು! ನಾವು ಊರ ಇನ್ನೊಂದು ತುದಿಯ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು ಓಣಿ ಬಿಟ್ಟೆವು. ಬಂಧುಬಳಗಕ್ಕೆಲ್ಲ ಹೊಸ ನಂಬರು ಕೊಟ್ಟೆ, ಹಾಲಿನವನಿಗೂ ಕೊಟ್ಟೆ. ಖಾಲಾಗೆ ಕೊಡಲಿಲ್ಲ. ಬೇಕೆಂದು ಬಿಟ್ಟಿದ್ದರೆ ಜಗಳವಾದರೂ ಆಗುತ್ತಿತ್ತು. ನನಗೆ ನೆನಪೇ ಆಗಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ನನ್ನಂಥವರನ್ನು ನೋಡಿಯೇ ಕಟ್ಟಿರಬೇಕು. ಒಮ್ಮೆ ಸಂತೆಯಲ್ಲಿ ಸಿಕ್ಕ ಮರಳಿಯಾಕಿ ಹೇಳಿದಳು, ಫೋನು ತೆಗೆಸೋಣ ಎಂದು ಮಗ ಅಂದರೂ ಖಾಲಾ ಒಪ್ಪುತ್ತಿಲ್ಲವಂತೆ. "ಅದು ಓಣಿ ಮಂದೀದು, ನಂದಲ್ಲ. ಯಾರಿಗರ ಫೋನ್ ಬಂದೀತು" ಎನ್ನುತ್ತಾರಂತೆ. ಇಬ್ಬರೂ ನಕ್ಕೆವು.

ಅಪ್ಪ ಹೋದ ದಿನ ತಮ್ಮ ನನ್ನ ಮೊಬೈಲಿಗೇ ಹೇಳಿದ. ಮುಂಜಾನೆ, ಇನ್ನೂ ಒಲೆ ಹಚ್ಚಿರಲಿಲ್ಲ. ಅಳುತ್ತಲೇ ಬಟ್ಟೆ ತುರುಕಿಕೊಂಡು ಜೀಪು ಹತ್ತುವ ಹೊತ್ತಿಗೆ ಗೇಟಿನ ಮುಂದೆ ಆಟೋ ಬಂದು ನಿಂತಿತು. ಖಾಲಾ ಇಳಿದರು. ಮೊಣಕಾಲು ನೋವು, ಒಂದು ಕೈ ಆಟೋದ ಕಂಬಿ ಹಿಡಿದಿತ್ತು. ಇನ್ನೊಂದರಲ್ಲಿ ರೊಟ್ಟಿಯ ಗಂಟು. ತಲೆ ತುಂಬ ಸೆರಗು. ನಮ್ಮ ದೊಡ್ಡಪ್ಪ ಆ ಗಡಿಬಿಡಿಯಲ್ಲಿ ತನಗೆ ಬಾಯಿಪಾಠವಿದ್ದ ಹಳೆಯ ನಂಬರಿಗೇ ಫೋನ್ ಹಚ್ಚಿದ್ದನಂತೆ. ಅದನ್ನು ಕೇಳಿ ಆಕೆ ನಮ್ಮ ಹೊಸ ಮನೆಯನ್ನು ಅಲ್ಲಿ ಇಲ್ಲಿ ವಿಚಾರಿಸಿಕೊಂಡು ಬಂದಿದ್ದರು.

"ಉಂಡೀ ಏನವಾ?" ಎಂದರು.

ನನಗೆ ಏನು ಬಡಿದಿತ್ತೋ. "ಗೊತ್ತೈತ್ರಿ ಖಾಲಾ, ಮೊಬೈಲ್‌ಗೆ ಆಗಲೇ ಬಂತು. ಇಷ್ಟು ದೂರ ಯಾಕ ಬರಾಕ ಹೋದ್ರಿ? ಒಂದು ಫೋನ್ ಮಾಡಿದ್ರ ಆಗ್ತಿದ್ದಿಲ್ಲೇನು?" ಎಂದುಬಿಟ್ಟೆ.

"ನಿನ್ನ ನಂಬರ್ ನನ್ನ ಕಡೆ ಇಲ್ಲ ಬೇಟಿ" ಎಂದರು ಖಾಲಾ. ಆ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ...

ಜೀಪಿನವನು ಹಾರ್ನ್ ಹೊಡೆದ. "ಬಂದ ಮ್ಯಾಲೆ ಕೊಡ್ತೀನ್ರಿ" ಎಂದು ಹತ್ತಿ ಕೂತೆ. ಅವರು ಗಂಟನ್ನು ಕಿಟಕಿಗೆ ಚಾಚಿದ್ದು ಕಂಡಿತು, ಅಷ್ಟರಲ್ಲಿ ಜೀಪು ಹೊರಟಿತ್ತು. ನಿಲ್ಲಿಸು ಎನ್ನಬಹುದಿತ್ತು. ಎನ್ನಲಿಲ್ಲ. ಕುಷ್ಟಗಿ ಮುಟ್ಟಿ ಅಪ್ಪನ ಮಣ್ಣು ಮುಗಿಯುವ ತನಕ ಹಸಿದೇ ಇದ್ದೆ.

ದಿನಕರ್ಮ ಮುಗಿಸಿ ಬಂದ ಮೇಲೆ ಹೋಗಬೇಕು ಎಂದುಕೊಂಡೆ. ಶ್ರಾವಣ ಬಂತು, ದಸರಾ ಬಂತು, ಮಕ್ಕಳ ಪರೀಕ್ಷೆ ಬಂತು... ಗಂಗಾವತಿಯೇನು ಮುಂಬಯಿಯೇ? ಆಟೋ ಹತ್ತಿದರೆ ಮಾತು ಮುಗಿಯುವುದರೊಳಗೆ ಓಣಿ ಬರುತ್ತದೆ. ಸೋಮಾರಿತನ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ತಡವಾದಷ್ಟೂ ಯಾವ ಮುಖ ಹೊತ್ತು ಹೋಗಲಿ ಎನ್ನಿಸಿತು. ಹೀಗೆ ವರ್ಷಗಳೇ ಉರುಳಿದವು.

ಈಚೆಗೆ ಹಳೆಯ ಓಣಿಯವರದೊಂದು ವಾಟ್ಸಾಪ್ ಗ್ರೂಪ್ ಆಯಿತು. ಖಾಲಾ ಮಗನೂ ಅದರಲ್ಲಿದ್ದ. ಬೆಳಗಾದರೆ ಹೂವಿನ ಚಿತ್ರ, ಯಾರದೋ ಮೊಮ್ಮಗನ ಹುಟ್ಟುಹಬ್ಬ, ನಡುನಡುವೆ ಯಾರದೋ ಸಾವು. ಹೋದ ವರ್ಷ ಒಂದು ಮುಂಜಾನೆ ಕುಕ್ಕರಿನ ಸೀಟಿ ಕಾಯುತ್ತ ಫೋನು ತೆರೆದೆ. ಸಾಲುಸಾಲಾಗಿ ಮುಗಿದ ಕೈಗಳು. ಯಾರೋ ಹೋಗಿದ್ದಾರೆ ಎಂದು ತಿಳಿಯಿತು. ನಾನೂ ಒಂದು ಕೈ ಒತ್ತಿ ಕಳಿಸಿ, ಫೋನು ಬದಿಗಿಟ್ಟೆ. ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಸಣ್ಣದೊಂದು ನಿದ್ದೆಯನ್ನೂ ತೆಗೆದೆ. ಸಂಜೆ ಹೊತ್ತು ಹೋಗದೆ ಮೇಲಕ್ಕೆ ಸರಿಸುತ್ತ ನೋಡಿದರೆ, ಮಗ ಹಾಕಿದ ಫೋಟೋ... ಖಾಲಾ.

ಮರುದಿನ ಹೋದೆ. ಮಣ್ಣು ಹಿಂದಿನ ದಿನವೇ ಆಗಿತ್ತು. ಮಗ ಕುರ್ಚಿ ತಂದು ಹಾಕಿ, ನನ್ನೆದುರು ನೆಲದ ಮೇಲೆ ಕೂತ.

"ವೈನಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದ. "ನಾ ಹೋದ್ರ ಕುಷ್ಟಗಿಯಾಕಿಗೆ ಫೋನ್‌ನಾಗ ಹೇಳಬ್ಯಾಡ, ಹೋಗಿ ಹೇಳು ಅಂದಿದ್ಲು ಅಮ್ಮಾ. ಆ ಗದ್ದಲದಾಗ ಬರಾಕ ಆಗಲಿಲ್ರಿ. ಆದ್ರ ನೀವು ಕೂಡ್ಲೇ ಕೈ ಮುಗಿದಿದ್ದು ಗ್ರೂಪ್‌ನಾಗ ನೋಡಿದೆ. ವೈನಿಗೆ ತಿಳೀತು, ಅಮ್ಮಾನ ಮಾತು ಅಷ್ಟರ ಉಳೀತು ಅಂತ ಜೀವಕ್ಕ ಭಾಳ ಸಮಾಧಾನ ಆತು."

ನನ್ನ ಕ್ಷಮೆ ಕೇಳುತ್ತಿದ್ದ ಅವನು, ನನ್ನ! ನಾನು ಹೌದೆಂದು ತಲೆಯಾಡಿಸಿದೆ. ಯಾರೆಂದು ನೋಡದೆಯೇ ಮುಗಿದ ಕೈ ಅದು ಎನ್ನಲು ಬಾಯಿ ಬರಲಿಲ್ಲ.

ಬಸ್ಸು ಕೊಪ್ಪಳ ಮುಟ್ಟಿತು, ಮುಂದಿನ ಸೀಟಿನ ಹಿರಿಯರು ಇಳಿದು ಹೋದರು. ಗ್ರೂಪಿನಲ್ಲಿ ಈಗ ಯಾವ ಫೋಟೋ ಬಂದರೂ ಮೊದಲು ಮುಖ ನೋಡುತ್ತೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅದರಿಂದ ಖಾಲಾಗೆ ಏನು ಬಂತು? ಮಗನಿಗೆ ಇನ್ನೂ ನಿಜ ಹೇಳಿಲ್ಲ. ಹೇಳಿದರೆ ನನ್ನ ಎದೆ ಹಗುರವಾದೀತು, ಆದರೆ ತಾಯಿಯ ಮಾತು ಅಷ್ಟಾದರೂ ಉಳಿಯಿತು ಎಂಬ ಅವನ ಸಮಾಧಾನ ಹೋದೀತು. ಅದನ್ನೂ ಅವನಿಂದ ಕಸಿಯಲಾರೆ. ಹಾಗಾಗಿ ಆ ನಿಜವನ್ನು ನಾನೇ ಹೊತ್ತುಕೊಂಡು ತಿರುಗುತ್ತಿದ್ದೇನೆ.